ರೂಟ್ ಕೆನಾಲ್: ಯಾವ ಫಿಲ್ಲಿಂಗ್ ಎಂದು ಕೇಳುವ ಮುಂಚೆ

ಮಾನ್ಯ ಸಂಪಾದಕರೇ,

ಕೋಲಾರದ ಕ್ಲಾಕ್ ಟವರ್ ಸುತ್ತಲಿನ ಬೀದಿಗಳಿರಲಿ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಬಸ್ ನಿಲ್ದಾಣದ ಆಸುಪಾಸಿರಲಿ, ಹಲ್ಲು ತೋರಿಸಲು ಬರುವವರು ಈಗ ಒಂದು ಪ್ರಶ್ನೆ ಕೇಳುತ್ತಾರೆ: ‘ರೂಟ್ ಕೆನಾಲ್ ಮಾಡಿ ಯಾವ ಫಿಲ್ಲಿಂಗ್ ಹಾಕ್ತೀರಿ, ಬಿಸಿದೋ, ಬಯೋಸೆರಾಮಿಕ್ಕೋ?’ ಮೊಬೈಲಿನಲ್ಲಿ ನೋಡಿದ ವಿಡಿಯೊ, ಬೆಂಗಳೂರಿನ ನೆಂಟರು ಹೇಳಿದ ಮಾತು ಸೇರಿ ಹುಟ್ಟಿದ ಪ್ರಶ್ನೆ. ಕೇಳುವುದು ಒಳ್ಳೆಯದೇ. ಆದರೆ ಹೀಗೆ ಕೇಳಿದವರೇ ನೋವು ನಿಂತ ಮೇಲೆ ತಾತ್ಕಾಲಿಕ ಸಿಮೆಂಟಿನಲ್ಲೇ ಆರು ತಿಂಗಳು ತಳ್ಳಿ, ಹಲ್ಲು ಸೀಳಿಕೊಂಡ ಮೇಲೆ ಬರುವುದುಂಟು. ಹಲ್ಲಿನ ಬೇರಿನೊಳಗಿನ ನಾಳವನ್ನು ಯಾವ ವಿಧಾನದಲ್ಲಿ ತುಂಬಿದರು ಎನ್ನುವುದು ಮೂರನೆಯ ಪ್ರಶ್ನೆ. ತುಂಬುವ ಮೊದಲು ಎಷ್ಟು ಶುದ್ಧ ಮಾಡಿದರು, ತುಂಬಿದ ಮೇಲೆ ಎಷ್ಟು ಬೇಗ, ಎಷ್ಟು ಭದ್ರವಾಗಿ ಮುಚ್ಚಿದರು ಎನ್ನುವವು ಮೊದಲೆರಡು. ಅದನ್ನು ಬಿಡಿಸಿ ಹೇಳಲು ಈ ಪತ್ರ.

ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಯವರೆಗೆ ಇಳಿದರೆ ತಿರುಳು ಬಾತುಕೊಳ್ಳುತ್ತದೆ. ಸುತ್ತ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ರಾತ್ರಿ ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ಹಲ್ಲು ನಾಡಿಯಂತೆ ಮಿಡಿದು ನೋಯುವುದು ಅದಕ್ಕೇ. ಆಮೇಲೆ ತಿರುಳು ಸತ್ತು ಕೊಳೆಯುತ್ತದೆ, ನೋವು ತಾನಾಗಿ ನಿಲ್ಲುತ್ತದೆ, ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಒಳಗಿನ ಕೊಳೆ ಬೇರಿನ ತುದಿಯ ಸಣ್ಣ ರಂಧ್ರದಿಂದ ಹೊರಗೆ ಸೋರಿ ಅಲ್ಲಿನ ಮೂಳೆ ಕರಗುತ್ತದೆ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಅಂಟಿದಂತೆ ಕಾಣುವ ಕಪ್ಪು ಮಚ್ಚೆ ಅದೇ.

ಇದೆಲ್ಲದರ ಮೂಲ ರೋಗಾಣು ಎಂಬುದನ್ನು 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ತೋರಿಸಿಕೊಟ್ಟರು. ತಿರುಳು ಕಾಣುವಂತೆ ಹಲ್ಲು ಕೊರೆದು ಹಾಗೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ರೋಗಾಣುವೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ, ತಿಂದ ಆಹಾರ ತೂತಿನಲ್ಲಿ ಸಿಕ್ಕಿಕೊಂಡಿದ್ದರೂ ತಿರುಳು ಬದುಕಿತು; ತೂತಿನ ಮೇಲೆ ಹೊಸ ಗಟ್ಟಿ ಪದರವೇ ಕಟ್ಟಿಕೊಂಡಿತು. ರೂಟ್ ಕೆನಾಲ್ ಅಂದರೆ ನಾಳದೊಳಗಿನ ಈ ರೋಗಾಣುಗಳನ್ನು ತೊಳೆದು ತೆಗೆಯುವ ಕೆಲಸ. ಫಿಲ್ಲಿಂಗ್ ಅವನ್ನು ಕೊಲ್ಲುವುದಿಲ್ಲ, ಖಾಲಿ ಮಾಡಿದ ಜಾಗಕ್ಕೆ ಮತ್ತೆ ನುಗ್ಗದಂತೆ ತಡೆಯುತ್ತದೆ ಅಷ್ಟೇ.

ತೊಳೆಯಬೇಕಾದರೆ ಮೊದಲು ನಾಳ ಸಿಗಬೇಕು. ಮೇಲಿನ ಮುಂಬಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಕೆಳಗಿನ ಮುಂಬಲ್ಲಿನಲ್ಲಿ ಎರಡನೆಯದು ಅಡಗಿರುವುದುಂಟು. ಕೆಳಗಿನ ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಹೆಚ್ಚು ತಪ್ಪಿಹೋಗುವುದು ಮೇಲಿನ ಮೊದಲ ದವಡೆ ಹಲ್ಲಿನಲ್ಲಿ. ಅದರ ಮೂರು ಬೇರುಗಳ ಪೈಕಿ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಎರಡನೆಯ ನಾಳ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಇರುತ್ತದೆ. ಕೂದಲಿನಷ್ಟು ಸಣ್ಣ ಬಾಯಿ, ಅದರ ಮೇಲೊಂದು ಗಟ್ಟಿ ಅಂಚು. ಹುಡುಕದೆ ಬಿಟ್ಟರೆ ಉಳಿದ ಮೂರನ್ನು ಎಷ್ಟೇ ಚೆನ್ನಾಗಿ ತುಂಬಿದರೂ ಆ ಒಂದು ನಾಳ ಕೊಳೆಯುತ್ತಲೇ ಇರುತ್ತದೆ. ವರ್ಷವಾದ ಮೇಲೆ ‘ರೂಟ್ ಕೆನಾಲ್ ಆಗಿದ್ದರೂ ಕಚ್ಚಿದರೆ ನೋವು’ ಎಂದು ಬರುವ ಮೇಲಿನ ದವಡೆ ಹಲ್ಲಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಆಮೇಲೆ ರಬ್ಬರ್ ಡ್ಯಾಮ್. ಆರು ಇಂಚಿನ ಚೌಕ ರಬ್ಬರ್ ಹಾಳೆಗೆ ತೂತು ಹಾಕಿ, ಹಲ್ಲೊಂದೇ ಹೊರಗೆ ಕಾಣುವಂತೆ ಕ್ಲಾಂಪ್‌ನಿಂದ ಬಿಗಿಯುವುದು. ಎಂಜಲು ಒಳಗೆ ಇಳಿಯುವುದಿಲ್ಲ, ನಾಳ ಕೆರೆಯುವ ಸೂಜಿಯಂಥ ಫೈಲು ಜಾರಿ ಗಂಟಲಿಗೆ ಹೋಗುವುದಿಲ್ಲ, ತೊಳೆಯುವ ದ್ರಾವಣ ನಾಲಗೆಗೆ ತಾಗುವುದಿಲ್ಲ. ಬೆಲೆ ಕಡಿಮೆ, ಹಾಕಲು ಹಿಡಿಯುವುದು ಕೆಲವೇ ನಿಮಿಷ. ಒಂದು ಕೈಯಲ್ಲಿ ಎಂಜಲು ಒರೆಸುತ್ತಾ ಇನ್ನೊಂದು ಕೈಯಲ್ಲಿ ನಾಳ ಶುದ್ಧ ಮಾಡುತ್ತೇವೆ ಎನ್ನುವುದು ಸೋರುವ ಚಾವಣಿಯ ಕೆಳಗೆ ನೆಲ ಒರೆಸಿದಂತೆ. ರೋಗಿಗಳು ಇದನ್ನು ಕೇಳಿ ಹಾಕಿಸಿಕೊಳ್ಳಬೇಕು.

ನಾಳದ ಉದ್ದವನ್ನು ಅಪೆಕ್ಸ್ ಲೊಕೇಟರ್ ಎಂಬ ಯಂತ್ರ ಮತ್ತು ಎಕ್ಸ್-ರೇ ಎರಡರಿಂದಲೂ ಅಳೆದು, ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದಕ್ಕೆ ನಿಲ್ಲಿಸುತ್ತಾರೆ. ಮೊದಲು 10, 15ನೇ ನಂಬರಿನ ತೆಳ್ಳನೆಯ ಕೈ ಫೈಲು ಇಳಿದು ದಾರಿ ಮಾಡಿಕೊಡಬೇಕು, ನಂತರ ನಿಕ್ಕಲ್-ಟೈಟೇನಿಯಂ ಯಂತ್ರದ ಫೈಲು. ದಾರಿಯಾಗದ ಕಡೆ ಯಂತ್ರ ಓಡಿಸಿದರೆ ಫೈಲು ಮುರಿದು ಒಳಗೇ ಉಳಿಯುತ್ತದೆ. ಆದರೆ ಎಂಥ ಫೈಲಾದರೂ ನಾಳದ ಗೋಡೆಯ ಮೂರನೇ ಒಂದರಷ್ಟು ಭಾಗವನ್ನು, ಎಷ್ಟೋ ಸಲ ಅದಕ್ಕಿಂತ ಹೆಚ್ಚನ್ನು, ಮುಟ್ಟುವುದೇ ಇಲ್ಲ. ನಾಳ ಕೊಳವೆಯಂತೆ ಗುಂಡಗಿರುವುದಿಲ್ಲ. ಚಪ್ಪಟೆ, ಸೊಟ್ಟ, ಕವಲುಗಳಿಂದ ತುಂಬಿದ್ದು. ಫೈಲು ಮುಟ್ಟದ ಕಡೆ ದ್ರಾವಣವೇ ಮುಟ್ಟಬೇಕು.

ಆ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್, ಸಾಮಾನ್ಯವಾಗಿ ಶೇ 3ರಿಂದ 5.25ರಷ್ಟರದು. ರೋಗಾಣುವನ್ನು ಕೊಲ್ಲುವ ಜೊತೆಗೆ ಸತ್ತ ತಿರುಳನ್ನು ಕರಗಿಸುವ ಗುಣ ಇದಕ್ಕಿದೆ. ಪ್ರತಿ ಫೈಲಿನ ನಂತರ ಕನಿಷ್ಠ 2 ಮಿಲಿಲೀಟರ್ ಹೋಗಬೇಕು. ಬಿಸಿಲಿಗೆ, ಶಾಖಕ್ಕೆ ಇಟ್ಟ ಬಾಟಲಿಯ ಶಕ್ತಿ ದಿನೇ ದಿನೇ ಇಳಿಯುತ್ತದೆ. ಏಪ್ರಿಲ್ ತಿಂಗಳ ಕೋಲಾರದಲ್ಲಿ ಕಿಟಕಿಯ ಪಕ್ಕ ಬಿಳಿ ಬಾಟಲಿಯಲ್ಲಿ ಇಡುವ ವಸ್ತುವಲ್ಲ ಅದು, ಕಪ್ಪು ಬಾಟಲಿಯಲ್ಲಿ ತಂಪಾದ ಕಡೆ ಇರಬೇಕು. ಸೂಜಿ 30 ಗೇಜಿನ, ಪಕ್ಕದಲ್ಲಿ ತೂತಿರುವಂಥದ್ದು. ನಾಳ 20 ಮಿಲಿಮೀಟರ್ ಇದ್ದರೆ ಸೂಜಿ 18ಕ್ಕೆ ನಿಲ್ಲಬೇಕು, ಗೋಡೆಗೆ ಕಚ್ಚಿಕೊಳ್ಳದೆ ಮೇಲೆ ಕೆಳಗೆ ಆಡುತ್ತಿರಬೇಕು. ಕಚ್ಚಿಕೊಂಡ ಸೂಜಿಯಲ್ಲಿ ಜೋರಾಗಿ ಒತ್ತಿದರೆ ದ್ರಾವಣ ತುದಿಯಿಂದಾಚೆ ಮಾಂಸಕ್ಕೆ ಇಳಿಯುತ್ತದೆ: ಆ ಕ್ಷಣವೇ ಸಹಿಸಲಾಗದ ನೋವು, ಕೆನ್ನೆ ಊತ, ಚರ್ಮ ಕನ್ನೇರಳೆಯಾಗುವುದು. ಕೊನೆಯಲ್ಲಿ ಶೇ 17ರ ಇಡಿಟಿಎ ಎಂಬ ಇನ್ನೊಂದು ದ್ರಾವಣವನ್ನು ಒಂದು ನಿಮಿಷ ಬಿಟ್ಟರೆ ಗೋಡೆಗೆ ಮೆತ್ತಿಕೊಂಡ ಪುಡಿಯ ಪದರ ಏಳುತ್ತದೆ. ಅಲ್ಟ್ರಾಸಾನಿಕ್ ಯಂತ್ರ ಇಲ್ಲದ ಕಡೆಯೂ ಒಂದು ಸುಲಭ ಉಪಾಯವಿದೆ. ನಾಳ ತುಂಬಲು ಬಳಸುವ ಗಟ್ಟಾ ಪರ್ಚಾ ಕಡ್ಡಿಗಳಲ್ಲಿ ನಾಳದ ಅಳತೆಗೆ ಸರಿಹೋಗುವ ಒಂದನ್ನೇ ದ್ರಾವಣದೊಳಗೆ ಎರಡು ಮೂರು ಮಿಲಿಮೀಟರಿನಷ್ಟು ಮೇಲೆ ಕೆಳಗೆ, ನಿಮಿಷಕ್ಕೆ ಸುಮಾರು ನೂರು ಸಲ ಆಡಿಸಿದರೆ ತುದಿಯಲ್ಲಿ ನಿಂತ ಗಾಳಿಗುಳ್ಳೆ ಒಡೆದು ದ್ರಾವಣ ಅಲ್ಲಿಗೂ ಮುಟ್ಟುತ್ತದೆ.

ತುಂಬುವ ಸಮಯ ಬಂತೇ ಎಂದು ಹೇಳುವುದು ಒಂದು ಕಾಗದದ ಕಡ್ಡಿ. ಪೇಪರ್ ಪಾಯಿಂಟನ್ನು ನಾಳಕ್ಕೆ ಇಳಿಸಿ, ಒಂದು ನಿಮಿಷ ಬಿಟ್ಟು ತೆಗೆದು ಬೆಳಕಿಗೆ ಹಿಡಿದರೆ ಸಾಕು. ಒಣಗಿ ಬಂದರೆ ತುಂಬಬಹುದು. ತುದಿ ಕೆಂಪಾಗಿದ್ದರೆ ಒಳಗೆ ತಿರುಳು ಉಳಿದಿದೆ, ಇಲ್ಲವೇ ಫೈಲು ತುದಿ ದಾಟಿದೆ. ಹಳದಿಯಾಗಿ ತೊಯ್ದಿದ್ದರೆ ಕೀವು ಇನ್ನೂ ಒಸರುತ್ತಿದೆ. ಆ ದಿನ ಯಾವ ದುಬಾರಿ ವಸ್ತುವನ್ನೂ ಅದರ ಮೇಲೆ ತುಂಬಬಾರದು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ಒಂದೆರಡು ವಾರ ಬಿಟ್ಟು ನೋಡಬೇಕು.

ಒಂದೇ ಸಿಟ್ಟಿಂಗಾ, ಎರಡಾ ಎಂಬ ಜಗಳಕ್ಕೂ ಉತ್ತರ ಇಲ್ಲೇ ಇದೆ. ತಿರುಳಿಗೆ ಇನ್ನೂ ಜೀವವಿದ್ದು ನೋವಷ್ಟೇ ಇದ್ದರೆ ಒಂದೇ ಸಲಕ್ಕೆ ಮುಗಿಸುವುದರಲ್ಲಿ ತಪ್ಪಿಲ್ಲ. ಕೊಳೆತ ಹಲ್ಲಿನಲ್ಲೂ ಎರಡು ವಿಧಾನಗಳ ನಡುವೆ ಮಾಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ನಾಳ ಒಣಗದ ಹಲ್ಲನ್ನು ಕ್ಲಿನಿಕ್ಕಿನ ಬೋರ್ಡಿನ ಮೇಲೆ ‘ಒಂದೇ ಸಿಟ್ಟಿಂಗ್’ ಎಂದು ಬರೆದಿದೆ ಎಂಬ ಕಾರಣಕ್ಕೆ ಅದೇ ದಿನ ಮುಚ್ಚುವುದು ಸರಿಯಲ್ಲ.

ಇನ್ನು ತುಂಬುವ ವಿಧಾನಗಳು. ಎಲ್ಲದರಲ್ಲೂ ಮುಖ್ಯ ವಸ್ತು ಗಟ್ಟಾ ಪರ್ಚಾ, ಮಲಯ ಸೀಮೆಯ ಒಂದು ಮರದ ಹಾಲಿನಿಂದ ಬಂದದ್ದು. 28 ಮಿಲಿಮೀಟರ್ ಉದ್ದದ ಆ ಗುಲಾಬಿ ಕಡ್ಡಿಯಲ್ಲಿ ನಿಜವಾದ ಗಟ್ಟಾ ಪರ್ಚಾ ಇರುವುದು ಐದರಲ್ಲೊಂದು ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಜಿಂಕ್ ಆಕ್ಸೈಡ್, ಜೊತೆಗೆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು ಸೇರಿಸಿದ ಬೇರಿಯಂ ಸಲ್ಫೇಟ್. ಕಡ್ಡಿ ತಾನಾಗಿ ಗೋಡೆಗೆ ಅಂಟುವುದಿಲ್ಲ. ನಡುವಿನ ಸಂದು ತುಂಬಲು ಸೀಲರ್ ಎಂಬ ತೆಳು ಸಿಮೆಂಟ್ ಬೇಕು.

ಹಳೆಯದು, ಇವತ್ತಿಗೂ ನೆಚ್ಚಬಹುದಾದದ್ದು ತಣ್ಣನೆಯ ವಿಧಾನ, ಲ್ಯಾಟರಲ್ ಕಂಡೆನ್ಸೇಶನ್. ಮುಖ್ಯ ಕಡ್ಡಿಯನ್ನು ಪೂರ್ತಿ ಉದ್ದಕ್ಕೆ ಇಳಿಸಿ ಮೆಲ್ಲಗೆ ಎಳೆದರೆ ತುದಿಯಲ್ಲಿ ಹಿಡಿದುಕೊಂಡು ಬರಲೊಲ್ಲೆ ಎನ್ನಬೇಕು. ಕೆಲಸ ಬಲ್ಲವರು ಆ ಹಿಡಿತವನ್ನು ಬೆರಳಲ್ಲೇ ಗುರುತಿಸುತ್ತಾರೆ. ಎಕ್ಸ್-ರೇಯಲ್ಲಿ ಖಾತ್ರಿ ಮಾಡಿಕೊಂಡು, ಸೀಲರ್ ಹಚ್ಚಿ ಕೂರಿಸಿ, ಪಕ್ಕದಲ್ಲಿ ಸ್ಪ್ರೆಡರ್ ಎಂಬ ಚೂಪು ಕಡ್ಡಿಯನ್ನು ತುದಿಗೆ ಒಂದೆರಡು ಮಿಲಿಮೀಟರ್ ಇರುವವರೆಗೆ ಇಳಿಸುತ್ತಾರೆ. ಅದು ಮಾಡಿದ ಜಾಗಕ್ಕೆ ಒಂದು ಸಣ್ಣ ಕಡ್ಡಿ, ಮತ್ತೆ ಸ್ಪ್ರೆಡರ್, ಮತ್ತೊಂದು ಕಡ್ಡಿ, ಹೀಗೆ ಸ್ಪ್ರೆಡರ್ ನಾಳದ ಬಾಯಿಯಿಂದಾಚೆಗೆ ಇಳಿಯದಷ್ಟು. ಕೊನೆಗೆ ಕಾದ ಉಪಕರಣದಿಂದ ನಾಳದ ಬಾಯಿಯ ಮಟ್ಟಕ್ಕೆ ಕತ್ತರಿಸಿ ಒತ್ತುವುದು. ಕೆಡುವುದು ಎರಡು ಕಡೆ. ಅವಸರಕ್ಕೆ ಒಂದೆರಡು ಕಡ್ಡಿಗೇ ನಿಲ್ಲಿಸಿದರೆ ಉಳಿದ ಜಾಗವೆಲ್ಲ ಬರೀ ಸೀಲರ್. ಭುಜಬಲ ಹಾಕಿ ಒತ್ತಿದರೆ ಬೇರಿನಲ್ಲಿ ಉದ್ದುದ್ದ ಬಿರುಕು. ಹಾಗೆ ಸೀಳಿದ ಬೇರನ್ನು ಉಳಿಸುವ ದಾರಿಯಿಲ್ಲ.

ಬಿಸಿ ವಿಧಾನವನ್ನು 1967ರಲ್ಲಿ ಅಮೆರಿಕದ ಹರ್ಬರ್ಟ್ ಶಿಲ್ಡರ್ ವಿವರಿಸಿದರು. ಈಗ ಹೆಚ್ಚಾಗಿ ಮಾಡುವುದು ಅದರ ಸುಲಭ ರೂಪ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ತುದಿಯನ್ನು ಕಡ್ಡಿಯ ಮೂಲಕ ಕೆಲವೇ ಸೆಕೆಂಡಿನಲ್ಲಿ ಇಳಿಸಿ, ಬೇರಿನ ತುದಿಗೆ ನಾಲ್ಕೈದು ಮಿಲಿಮೀಟರ್ ಇರುವಾಗ ಶಾಖ ನಿಲ್ಲಿಸಿ, ಸುಮಾರು 10 ಸೆಕೆಂಡ್ ಹಾಗೇ ಒತ್ತಿ ಹಿಡಿಯಬೇಕು. ಈ ಹತ್ತು ಸೆಕೆಂಡನ್ನು ಉಳಿಸಲು ಹೋಗಬಾರದು. ಗಟ್ಟಾ ಪರ್ಚಾ ಆರುವಾಗ ಕುಗ್ಗುತ್ತದೆ. ಒತ್ತಡವಿಲ್ಲದೆ ಆರಿದರೆ ಗೋಡೆ ಬಿಟ್ಟು ಸಂದು ಬೀಳುತ್ತದೆ. ಮೇಲಿನ ಭಾಗವನ್ನು ಕರಗಿದ ಗಟ್ಟಾ ಪರ್ಚಾ ಸುರಿಸುವ ಗನ್‌ನಿಂದ ಸ್ವಲ್ಪ ಸ್ವಲ್ಪವಾಗಿ ತುಂಬುತ್ತಾರೆ. ಚಪ್ಪಟೆ ನಾಳ, ಒಳಗೊಳಗೆ ಕೊರೆದು ಹಳ್ಳವಾದ ನಾಳ, ಪಕ್ಕದ ಕವಲು ಇವುಗಳಿಗೆ ಕರಗಿದ ವಸ್ತು ಚೆನ್ನಾಗಿ ಹರಿಯುತ್ತದೆ. ಬೇರಿನ ತುದಿ ಅಗಲವಾಗಿದ್ದರೆ ಅದೇ ಗುಣ ದೋಷವಾಗಿ, ವಸ್ತು ಹೊರಗೆ ತಳ್ಳಿಕೊಂಡು ಹೋಗುತ್ತದೆ. ಶಾಖ ಹೆಚ್ಚು ಹೊತ್ತು ನಿಂತು ಬೇರಿನ ಹೊರಮೈ ದೇಹದ ಶಾಖಕ್ಕಿಂತ 10 ಡಿಗ್ರಿಗೂ ಹೆಚ್ಚು ಬಿಸಿಯಾದರೆ ಸುತ್ತಲಿನ ಮೂಳೆಗೆ ಏಟು.

ಮೂರನೆಯದು ಈಗಿನ ಹೊಸ ಮಾತು: ಫೈಲಿನ ಅಳತೆಗೇ ಮಾಡಿದ ಒಂದೇ ಕಡ್ಡಿ, ಜೊತೆಗೆ ಬಯೋಸೆರಾಮಿಕ್ ಸೀಲರ್. ಕ್ಯಾಲ್ಸಿಯಂ ಸಿಲಿಕೇಟಿನ ಈ ಸೀಲರ್ ಗಟ್ಟಿಯಾಗಲು ಹಲ್ಲಿನ ತೇವವೇ ಬೇಕು, ಹಾಗಾಗಿ ಆಲ್ಕೋಹಾಲ್ ಹಾಕಿ ನಾಳವನ್ನು ಬಣಬಣ ಒಣಗಿಸಬಾರದು. ಗುಂಡಗಿನ, ಸಣ್ಣ ನಾಳಕ್ಕೆ ಒಳ್ಳೆಯ ವಿಧಾನ, ಬೇಗ ಮುಗಿಯುತ್ತದೆ, ಬೇರಿಗೆ ಒತ್ತಡವಿಲ್ಲ. ಚಪ್ಪಟೆ ನಾಳದಲ್ಲಿ ಮಾತ್ರ ಕಡ್ಡಿ ನಡುವೆ ನಿಂತು ಎರಡು ಬದಿಯೂ ಬರೀ ಸೀಲರ್ ಆಗುತ್ತದೆ. ಇನ್ನೊಂದು ವಿಷಯವನ್ನು ರೋಗಿಗಳಿಗೆ ಹೇಳುವುದು ಕಡಿಮೆ. ಗಟ್ಟಿಯಾದ ಈ ಸೀಲರನ್ನು ಯಾವ ದ್ರಾವಕವೂ ಸುಲಭವಾಗಿ ಕರಗಿಸುವುದಿಲ್ಲ. ಕಡ್ಡಿ ತುದಿ ಮುಟ್ಟದೆ ಅರ್ಧಕ್ಕೆ ನಿಂತು ಅದರ ಕೆಳಗೆ ಸೀಲರ್ ಕಲ್ಲಾಗಿದ್ದರೆ, ಮುಂದೆ ಮತ್ತೆ ಚಿಕಿತ್ಸೆ ಬೇಕಾದಾಗ ದಾರಿ ಸಿಗದೆ ಹೋಗಬಹುದು.

ಬೆಳ್ಳಿ ಕಡ್ಡಿಯ ಕಾಲ ಮುಗಿಯಿತು, ಅದು ಒಳಗೇ ಕಿಲುಬು ಹಿಡಿಯುತ್ತಿತ್ತು. ಫಾರ್ಮಾಲ್ಡಿಹೈಡ್ ಇರುವ ಪೇಸ್ಟ್‌ಗಳನ್ನು ಯಾರೂ ನಾಳಕ್ಕೆ ತುಂಬಬಾರದು. ತುದಿ ದಾಟಿದರೆ ನರವನ್ನೇ ಸುಡುತ್ತವೆ.

ಹಾಗಾದರೆ ಯಾವುದು ಮೇಲು? ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2007ರಲ್ಲಿ ನೋಡಿದಾಗ, ಬಿಸಿ ಮತ್ತು ತಣ್ಣನೆಯ ವಿಧಾನಗಳ ನಡುವೆ ನಂತರದ ನೋವಿನಲ್ಲಾಗಲಿ, ದೀರ್ಘಕಾಲದ ಫಲದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಿಸಿಯಲ್ಲಿ ತುದಿ ದಾಟುವುದು ಹೆಚ್ಚು ಎಂದಷ್ಟೇ ಕಂಡಿತು. ವಿಧಾನಕ್ಕಿಂತ ಫಿಲ್ಲಿಂಗ್ ಎಲ್ಲಿ ನಿಂತಿದೆ ಎನ್ನುವುದಕ್ಕೆ ತೂಕ ಹೆಚ್ಚು. 1990ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಹಲ್ಲುಗಳನ್ನು 8ರಿಂದ 10 ವರ್ಷ ಹಿಂಬಾಲಿಸಿತು. ಬೇರಿನ ತುದಿಯಲ್ಲಿ ಮೂಳೆ ಕರಗಿದ್ದ, ತಿರುಳು ಸತ್ತ ಹಲ್ಲುಗಳ ಪೈಕಿ ಫಿಲ್ಲಿಂಗ್ ತುದಿಯಿಂದ 2 ಮಿಲಿಮೀಟರ್ ಅಂತರದೊಳಗೆ ನಿಂತಿದ್ದವುಗಳಲ್ಲಿ ಶೇ 94 ಮಾಯ್ದಿದ್ದವು. ಅದಕ್ಕಿಂತ ಗಿಡ್ಡಕ್ಕೆ ನಿಂತಿದ್ದವುಗಳಲ್ಲಿ ಶೇ 68, ತುದಿ ದಾಟಿದ್ದವುಗಳಲ್ಲಿ ಶೇ 76. ಗಿಡ್ಡ ಫಿಲ್ಲಿಂಗಿನ ಕೆಳಗೆ ಕೊಳೆ ಉಳಿದಿರುತ್ತದೆ. ತುದಿ ದಾಟಿದ ಕಡೆ ಎಷ್ಟೋ ಸಲ ವಸ್ತುವಿಗಿಂತ ಅದರ ಜೊತೆ ಹೊರಗೆ ತಳ್ಳಿದ ಕೊಳೆಯೇ ತೊಂದರೆ ಕೊಡುತ್ತದೆ. ಚುಕ್ಕೆಯಷ್ಟು ಸೀಲರ್ ಹೊರಗೆ ಕಂಡರೆ ಗಾಬರಿ ಬೇಡ. ಆದರೆ ಕೆಳಗಿನ ಹಿಂದಿನ ಹಲ್ಲಿಗೆ ತುಂಬಿಸಿಕೊಂಡ ಮೇಲೆ, ಇಂಜೆಕ್ಷನ್ನಿನ ಮರಗಟ್ಟುವಿಕೆ ಇಳಿಯಬೇಕಾದ ಹೊತ್ತು ಕಳೆದರೂ ತುಟಿ, ಗದ್ದ ಜೋಮು ಹಿಡಿದೇ ಇದ್ದರೆ ನಾಳೆ ನೋಡೋಣ ಎನ್ನಬೇಡಿ. ದವಡೆಯೊಳಗಿನ ನರದ ಮೇಲೆ ವಸ್ತು ಕೂತಿರಬಹುದು, ಅದೇ ದಿನ ಎಕ್ಸ್-ರೇ ಆಗಬೇಕು.

ಮೊದಲ ಎರಡು ಮೂರು ದಿನ ಕಚ್ಚಿದರೆ ನೋಯುವುದು ಸಹಜ. ಬೇರಿನ ತುದಿಯ ಮಾಂಸ ಕೆರಳಿರುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಗರ್ಭಿಣಿಯರು ಇಂಥವರನ್ನು ಬಿಟ್ಟು ಉಳಿದವರಿಗೆ ಊಟದ ಮೇಲೆ 400 ಮಿಲಿಗ್ರಾಂ ಐಬುಪ್ರೊಫೆನ್, ವೈದ್ಯರು ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ ಸಾಕಾಗುತ್ತದೆ. ಐಬುಪ್ರೊಫೆನ್ ಆಗದವರಿಗೆ ಪ್ಯಾರಾಸಿಟಮಾಲ್. ಹಲ್ಲು ಎತ್ತರವಾದಂತೆ, ಬಾಯಿ ಮುಚ್ಚಿದರೆ ಅದೇ ಮೊದಲು ತಾಗಿದಂತೆ ಅನ್ನಿಸಿದರೆ ಮಾತ್ರೆ ನುಂಗುತ್ತಾ ಕೂರಬೇಡಿ, ಹೋಗಿ ಫಿಲ್ಲಿಂಗ್ ಉಜ್ಜಿಸಿಕೊಳ್ಳಿ. ಮೆಡಿಕಲ್ ಸ್ಟೋರಿನಿಂದ ತಾವೇ ಆಂಟಿಬಯಾಟಿಕ್ ತಂದು ನುಂಗುವ ಅಭ್ಯಾಸ ಜಿಲ್ಲೆಯಲ್ಲಿ ಬಲವಾಗಿದೆ. ಸತ್ತ ತಿರುಳಿಗೆ ರಕ್ತ ಸಂಚಾರವೇ ಇಲ್ಲ. ನುಂಗಿದ ಮಾತ್ರೆ ನಾಳದೊಳಕ್ಕೆ ತಲುಪುವುದು ಹೇಗೆ? ಜ್ವರ, ಹರಡುವ ಊತ ಇದ್ದಾಗ ಮಾತ್ರ ಅದರ ಅಗತ್ಯ. ಊತ ಕಣ್ಣಿನವರೆಗೆ ಏರಿದರೆ, ನಾಲಗೆಯ ಕೆಳಗೆ ಅಥವಾ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಕ್ಲಿನಿಕ್ಕಿನ ಕೆಲಸವಲ್ಲ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ವಸಡಿನ ಮೇಲೆ ಮೊಡವೆಯಂತೆ ಎದ್ದು ಆಗಾಗ ಕೀವು ಒಸರುವ ಗುಳ್ಳೆಯನ್ನು ಗಮನಿಸಿ. ನಾಳ ಸರಿಯಾಗಿ ಶುದ್ಧವಾದರೆ ಅದು ಒಂದೆರಡು ವಾರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ತಪ್ಪಿದ ನಾಳವೋ, ಬಿರುಕೋ ಇರಬಹುದು. ಮೂಳೆ ಮಾತ್ರ ನಿಧಾನ. ಮಚ್ಚೆ ಅಂಚಿನಿಂದ ಒಳಕ್ಕೆ ತುಂಬುತ್ತಾ ಬರುತ್ತದೆ. ಸಾಕಷ್ಟು ಸುಣ್ಣದಂಶ ಕೂಡಿದ ಮೇಲಷ್ಟೇ ಎಕ್ಸ್-ರೇಗೆ ಅದು ಕಾಣುವುದು. ಮೂರು ತಿಂಗಳಿಗೆ ಮಚ್ಚೆ ಹಾಗೇ ಇದೆ ಎಂದು ಹಲ್ಲು ಕೀಳಿಸುವುದು ಅವಸರ. ಆರು ತಿಂಗಳಿಗೆ, ವರ್ಷಕ್ಕೆ ಒಂದೊಂದು ಎಕ್ಸ್-ರೇ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಕುಗ್ಗುತ್ತಿದ್ದರೆ ಕಾಯಬೇಕು, ಪೂರ್ತಿ ಮಾಯಲು ನಾಲ್ಕು ವರ್ಷ ಹಿಡಿಯುವುದೂ ಉಂಟು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದನ್ನು ಇನ್ನಷ್ಟು ನಿಧಾನಿಸುತ್ತವೆ.

ಈಗ ಮುಚ್ಚಳದ ವಿಷಯ. ತಾತ್ಕಾಲಿಕ ಸಿಮೆಂಟ್ ಕನಿಷ್ಠ ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪವಿದ್ದರೆ ಎರಡು ಮೂರು ವಾರ ತಡೆಯುತ್ತದೆ. ಅದರಾಚೆಗೆ ಅಂಚಿನಿಂದ ಎಂಜಲು ಇಳಿದು ರೋಗಾಣು ಮತ್ತೆ ಒಳಗೆ. 1995ರಲ್ಲಿ ಅಮೆರಿಕದಲ್ಲಿ 1010 ಹಲ್ಲುಗಳ ಎಕ್ಸ್-ರೇ ಪರಿಶೀಲಿಸಿದಾಗ, ಬೇರಿನ ಫಿಲ್ಲಿಂಗೂ ಮೇಲಿನ ಮುಚ್ಚಳವೂ ಚೆನ್ನಾಗಿದ್ದವುಗಳಲ್ಲಿ ಶೇ 91ರಷ್ಟು ಉರಿಯೂತವಿಲ್ಲದೆ ಇದ್ದವು. ಬೇರಿನ ಫಿಲ್ಲಿಂಗ್ ಚೆನ್ನಾಗಿದ್ದು ಮುಚ್ಚಳ ಕೆಟ್ಟವುಗಳಲ್ಲಿ ಶೇ 44 ಮಾತ್ರ. ಮುಂದಿನ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೆ ಎರಡೂ ಬೇಕು ಎಂಬುದು ಬದಲಾಗಲಿಲ್ಲ.

ದವಡೆ ಹಲ್ಲಿಗೆ ಕ್ಯಾಪ್ ಬೇಕು, ಒಂದು ತಿಂಗಳೊಳಗೆ. ರೂಟ್ ಕೆನಾಲ್ ಆದ ಹಲ್ಲು ಒಣಗಿ ಪುಡಿಯಾಗುತ್ತದೆ ಎನ್ನುತ್ತಾರೆ. ಆದರೆ ಬಲ ಕಳೆದುಕೊಳ್ಳುವುದು ಮುಖ್ಯವಾಗಿ ಹುಳುಕು ಮತ್ತು ಕೊರೆತದಿಂದ ಗೋಡೆ ಹೋದದ್ದಕ್ಕೆ. ವಸಡಿನ ಮೇಲೆ ಒಂದೂವರೆ, ಎರಡು ಮಿಲಿಮೀಟರ್ ಗಟ್ಟಿ ಹಲ್ಲಿನ ಸುತ್ತುಪಟ್ಟಿ ಉಳಿದಿದ್ದರೆ ಕ್ಯಾಪ್ ನಿಲ್ಲುತ್ತದೆ. ಅದೂ ಇಲ್ಲದ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡುವ ಮುಂಚೆಯೇ ಯೋಚಿಸಬೇಕು. ಕ್ಯಾಪ್ ಬರುವವರೆಗೆ ಮುದ್ದೆ ಸಾರಿಗೆ ಯಾವ ತೊಂದರೆಯೂ ಇಲ್ಲ, ಅದನ್ನು ನುಂಗುವುದೇ ಹೊರತು ಅಗಿಯುವುದಿಲ್ಲವಲ್ಲ. ಹುರಿದ ಅವರೆಕಾಳು, ಕಡಲೆಕಾಯಿ, ಕೋಡುಬಳೆ, ಮಟನ್ ಮೂಳೆ ಆ ಕಡೆ ಬೇಡ. ಒಂದು ಗಟ್ಟಿ ಕಾಳು ಸಾಕು, ಎರಡು ತಿಂಗಳ ಓಡಾಟ ಒಂದು ‘ಕಟ್’ ಶಬ್ದದಲ್ಲಿ ಹೋಗುತ್ತದೆ.

ನಮ್ಮ ಸೀಮೆಗೇ ಸೇರಿದ ಒಂದು ಮಾತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅದರಿಂದ ಬಂದ ಕಂದು ಕಲೆ ಹುಳುಕಲ್ಲ, ಅದಕ್ಕೆ ರೂಟ್ ಕೆನಾಲ್ ಬೇಡ. ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ಪರೀಕ್ಷೆ ಮಾಡಿ, ಎಕ್ಸ್-ರೇ ನೋಡಿ ತಿರುಳು ಬದುಕಿದೆಯೇ ಎಂದು ಖಚಿತವಾಗದೆ ಬರೀ ಬಣ್ಣ ನೋಡಿ ಹಲ್ಲು ಕೊರೆಯಲು ಯಾರೂ ಒಪ್ಪಬಾರದು.

ಸಂಪಾದಕರೇ, ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗಗಳಲ್ಲೂ ಖಾಸಗಿ ಕ್ಲಿನಿಕ್‌ಗಳಲ್ಲೂ ರೂಟ್ ಕೆನಾಲ್ ಮಾಡಿಸಿಕೊಂಡ ಪ್ರತಿಯೊಬ್ಬರ ಕೈಗೆ ಒಂದು ಚೀಟಿ ಕೊಡುವ ಪದ್ಧತಿ ಬರಬೇಕು ಎಂಬುದು ನಮ್ಮ ಬೇಡಿಕೆ. ಯಾವ ಹಲ್ಲು, ಎಷ್ಟು ನಾಳ ಸಿಕ್ಕವು, ಒಂದೊಂದರ ಉದ್ದವೆಷ್ಟು, ಯಾವ ಸೀಲರ್, ಮುರಿದ ಫೈಲು ಏನಾದರೂ ಒಳಗೆ ಉಳಿದಿದೆಯೇ, ಕ್ಯಾಪ್ ಹಾಕಿಸಬೇಕಾದ ತಾರೀಖು, ಮುಂದಿನ ಎಕ್ಸ್-ರೇಯ ತಾರೀಖು ಎಲ್ಲವೂ ಕನ್ನಡದಲ್ಲಿ. ಜೊತೆಗೆ ತುಂಬುವ ಮೊದಲಿನ ಮತ್ತು ನಂತರದ ಎಕ್ಸ್-ರೇ, ಮೊಬೈಲಿಗೆ ಕಳಿಸಿದರೂ ಸಾಕು. ಟೊಮೆಟೊ ಮಂಡಿಯಲ್ಲಿ ದುಡಿಯುವವರು ಈ ವರ್ಷ ಇಲ್ಲಿ, ಮುಂದಿನ ವರ್ಷ ಮಾಲೂರಿನ ಫ್ಯಾಕ್ಟರಿಯಲ್ಲಿ ಇರುತ್ತಾರೆ. ಹಲ್ಲು ಮತ್ತೆ ನೋಯುವಾಗ ಮುಂದೆ ಕೂತ ವೈದ್ಯರ ಬಳಿ ಹಳೆಯ ಚಿತ್ರವಿದ್ದರೆ ಮಚ್ಚೆ ಕುಗ್ಗುತ್ತಿದೆಯೋ, ಬೆಳೆಯುತ್ತಿದೆಯೋ ಗೊತ್ತಾಗುತ್ತದೆ. ಇಲ್ಲದಿದ್ದರೆ ಮಾಯುತ್ತಿರುವ ಹಲ್ಲನ್ನೂ ಕಿತ್ತುಬಿಡುತ್ತಾರೆ.

– ಕೋಲಾರ ಜಿಲ್ಲೆಯ ಕೆಲವು ದಂತವೈದ್ಯರು